ಮೀನಿಲ್ಲದ ಮನೆಯಲ್ಲಿ ಮೀನಿನ ವಾಸನೆ

ಎರಡು ವರ್ಷದ ಹಿಂದಿನ ಜನವರಿ. ನಮ್ಮ ಅತ್ತೆ ಮೈಸೂರಿನಿಂದ ಮೊದಲ ಸಲ ಐರ್ಲೆಂಡಿಗೆ ಬಂದಿದ್ದರು. ಡಬ್ಲಿನ್ನಿನ ಕ್ಲಾಂಡಾಲ್ಕಿನ್‌ನಲ್ಲಿ ನಾವು ಕೊಂಡ ಮನೆಗೆ ಕಾಲಿಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಹಳೆಯ ಮನೆ. ಮೆಟ್ಟಿಲ ಕೆಳಗೆ ಪಿಂಗಾಣಿ ಫ್ಯೂಸುಗಳ ಬೋರ್ಡು. ಕೊಳ್ಳುವ ಮೊದಲು ಮನೆ ಪರೀಕ್ಷಿಸಿದ ಸರ್ವೇಯರ್, ವೈರಿಂಗ್ ಪೂರ್ತಿ ಬದಲಾಯಿಸಿ ಎಂದು ಹೇಳಿದ್ದ. ನನ್ನ ಗಂಡ ಪ್ರಸನ್ನ ಮಾತ್ರ "ಮಾಡಿಸೋಣ ಬಿಡು, ಇಟ್ಸ್ ಗ್ರ್ಯಾಂಡ್" ಎಂದು ಮುಂದೂಡುತ್ತಲೇ ಬಂದಿದ್ದ. ಈ ದೇಶಕ್ಕೆ ಬಂದು ಅವನು ಚೆನ್ನಾಗಿ ಕಲಿತದ್ದು, ಏನೂ ತೊಂದರೆಯಿಲ್ಲ ಎನ್ನಲು ಇಲ್ಲಿನವರು ಬಳಸುವ ಆ ಗ್ರ್ಯಾಂಡ್ ಎಂಬ ಒಂದೇ ಪದ.

ನಾನು ಮಲ್ಪೆ ಕಡೆಯವಳು, ಮೀನು ತಿಂದೇ ಬೆಳೆದವಳು. ಗಂಡನ ಮನೆಯವರು ಈರುಳ್ಳಿ ತಿನ್ನಲೂ ದಿನ ನೋಡುವ ಜನ. ನಮ್ಮದು ಪ್ರೇಮವಿವಾಹ, ಅದನ್ನು ಬೇರೆ ಹೇಳಬೇಕಿಲ್ಲ. ಅತ್ತೆ ಬರುವ ಮೊದಲೇ ಫ್ರೀಜರ್ ಖಾಲಿ ಮಾಡಿದ್ದೆ. ಅವರಿರುವಷ್ಟು ದಿನ ಮೀನು ಮುಟ್ಟುವುದಿಲ್ಲ ಎಂದುಕೊಂಡಿದ್ದೆ, ಮುಟ್ಟಲೂ ಇಲ್ಲ. ಇದನ್ನು ಈಗಲೇ ಒತ್ತಿ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ನನ್ನ ಮಾತನ್ನು ಯಾರೂ ನಂಬಲಿಲ್ಲ.

ಅತ್ತೆಗೆ ಇಲ್ಲಿನ ಚಳಿ ತಡೆಯಲಾಗಲಿಲ್ಲ. ಅವರ ರೂಮಿನಲ್ಲಿ ಎಲೆಕ್ಟ್ರಿಕ್ ಹೀಟರ್ ಹಗಲಿಡೀ ಓಡುತ್ತಿತ್ತು. ಮನೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ ರೂಮು. ಸ್ಕೂಲಿನಿಂದ ಬಂದ ಮಗಳು ಅದಿತಿಯೂ ಅಜ್ಜಿಯ ಮಂಚ ಹತ್ತಿ ಅಲ್ಲೇ ಹೋಂವರ್ಕ್ ಹರವಿಕೊಳ್ಳುತ್ತಿದ್ದಳು. ಬಂದ ಕೆಲವೇ ದಿನಗಳಲ್ಲಿ, ತಿಂಡಿ ತಿನ್ನುತ್ತಿದ್ದ ಅತ್ತೆ ಮೂಗು ಅರಳಿಸಿ, "ಏನೋ ಮೀನಿನ ವಾಸನೆ ಬರ್ತಾ ಇದೆಯಲ್ಲಮ್ಮ" ಎಂದರು.

ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಒಂದು ಜಗಳವಾಡಿ ಹಗುರಾಗಬಹುದಿತ್ತು.

ಅಂದಿನಿಂದ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಸಿಂಕಿಗೆ ವಿನೆಗರ್ ಸುರಿದೆ, ಫ್ರಿಜ್ಜನ್ನು ಎಳೆದು ಹಿಂಭಾಗ ಉಜ್ಜಿದೆ, ಕರ್ಟನ್ ಒಗೆದೆ. ಆಫೀಸಿನ ಮೀಟಿಂಗಿನಲ್ಲಿ ಕೂತು ನನ್ನ ತೋಳನ್ನೇ ಮೂಸಿ ನೋಡಿಕೊಂಡೆ. ವಾಸನೆ ನನಗೂ ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಹಿಂದೆ ಹುರಿದ ಬಂಗುಡೆಯ ವಾಸನೆ ಗೋಡೆಗೆ ಹತ್ತಿ ಕೂತಿದೆ ಎಂದುಕೊಂಡೆ. ಸೈನಸ್ಸಿನ ಪ್ರಸನ್ನನಿಗೆ ಏನೂ ಬರುತ್ತಿರಲಿಲ್ಲ. ಆದರೂ ಅವನು, "ನಿಜ ಹೇಳು, ಅಮ್ಮ ಮಲಗಿದಾಗ ಏನಾದ್ರೂ ಮಾಡ್ಕೊಂಡ್ಯಾ?" ಎಂದು ಮೆಲ್ಲಗೆ ಕೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಎಲ್ಲ ರೂಮಿನಲ್ಲೂ ಊದುಬತ್ತಿ ಹಚ್ಚತೊಡಗಿದೆ. ಅತ್ತೆಯ ರೂಮಿನಲ್ಲಿ ಬೇಕೆಂದೇ ಒಂದು ಕಡ್ಡಿ ಹೆಚ್ಚು.

ಒಂದು ಶನಿವಾರ ಸಂಜೆ ಪ್ರಸನ್ನ ಸಾಮಾನು ತರಲು ಹೋಗಿದ್ದ. ಅತ್ತೆ ಅಡುಗೆಮನೆಗೆ ಬಂದು, "ಈ ಊದುಬತ್ತಿ ಸಾಕಮ್ಮ. ಅದರ ಮಧ್ಯದಿಂದಾನೂ ಮೀನಿನ ವಾಸನೆ ಬರ್ತಾ ಇದೆ" ಎಂದರು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಅತ್ತೆ, ಇವತ್ತು ನೋಡೇಬಿಡೋಣ. ಎಲ್ಲಿದೆ ಮೀನು ತೋರಿಸಿ!" ಎಂದು ಫ್ರಿಜ್ ತೆಗೆದೆ, ಡಬ್ಬಗಳ ಮುಚ್ಚಳ ತೆಗೆದೆ, ಕಸದ ಬುಟ್ಟಿಯನ್ನೂ ಮುಂದೆ ತಂದಿಟ್ಟೆ. ಅವರು ಹಿಂದೆ ಸರಿಯುವ ಹೆಂಗಸಲ್ಲ. ಎಲ್ಲವನ್ನೂ ಬಗ್ಗಿ ಮೂಸಿ, "ಇಲ್ಲಿಲ್ಲ" ಎಂದರು. ಹಾಲಿನಲ್ಲೂ ಇರಲಿಲ್ಲ. ಮೆಟ್ಟಿಲು ಹತ್ತುತ್ತಿದ್ದಂತೆ ವಾಸನೆ ಹೆಚ್ಚಾಯಿತು. ಅತ್ತೆಯ ರೂಮಿನ ಬಾಗಿಲು ತೆರೆದರೆ ಮೂಗಿಗೆ ರಪ್ಪನೆ ಬಡಿಯಿತು.

"ನಿಮ್ಮ ರೂಮಲ್ಲೇ ಇದೆ!" ಎಂದೆ, ಕಳ್ಳನನ್ನು ಹಿಡಿದವಳ ಹಾಗೆ.

ಅದಿತಿ ಮಂಚದ ಮೇಲೆ ಗೋಡೆಗೆ ಒರಗಿ ಚಿತ್ರ ಬರೆಯುತ್ತಿದ್ದಳು. ಅವಳ ಬೆನ್ನ ಹಿಂದಿನಿಂದ ಚಿರ್ರೆಂದು ಸಣ್ಣ ಸದ್ದು. ಅವಳನ್ನು ಎತ್ತಿ ಇಳಿಸಿ ಮಂಚ ಎಳೆದೆ. ಹೀಟರಿನ ಪ್ಲಗ್ ಸಿಕ್ಕಿಸಿದ್ದ ಸಾಕೆಟ್ಟು ಕಂದಾಗಿ ಸೊಟ್ಟಗಾಗಿತ್ತು, ಮೇಲಿನ ವಾಲ್‌ಪೇಪರ್ ಕಪ್ಪಗಾಗಿತ್ತು. ಅತ್ತೆ ಪ್ಲಗ್ ಕೀಳಲು ಕೈ ಚಾಚಿದರು. "ಮುಟ್ಟಬೇಡಿ!" ಎಂದು ಕಿರುಚಿ ಅವರ ಕೈ ಹಿಡಿದೆಳೆದೆ. ಇಬ್ಬರನ್ನೂ ರೂಮಿನಿಂದ ಹೊರಗೆ ತಳ್ಳಿ, ಮೆಟ್ಟಿಲ ಕೆಳಗೆ ನುಗ್ಗಿ ಮೇನ್ ಸ್ವಿಚ್ ಆರಿಸಿದೆ. ಮನೆ ಕತ್ತಲಾಯಿತು. ಮೇಲಿನಿಂದ ಅದಿತಿ, "ಮಮ್, ವಾಟ್ಸ್ ಆಫ್ಟರ್ ಹ್ಯಾಪನಿಂಗ್?" ಎಂದು, ಏನಾಯಿತೆಂಬುದನ್ನು ಐರಿಷ್ ಧಾಟಿಯಲ್ಲಿ ಕೂಗಿ ಕೇಳುತ್ತಿದ್ದಳು. ಕತ್ತಲಲ್ಲೇ ತಡವರಿಸಿಕೊಂಡು ಮೇಲೆ ಹತ್ತಿದೆ.

ಮರುದಿನ ಭಾನುವಾರವಾದರೂ ಪಕ್ಕದ ಮನೆಯವರು ಹೇಳಿ ಡೆಕ್ಲನ್ ಎಂಬ ಎಲೆಕ್ಟ್ರಿಷಿಯನ್‌ನನ್ನು ಕಳಿಸಿದರು. ಅವನು ಸಾಕೆಟ್ ಬಿಚ್ಚಿ, "ಮೀನಿನ ವಾಸನೆ ಬಂತಾ?" ಎಂದು ತಾನಾಗಿಯೇ ಕೇಳಿದ. ಹಳೆಯ ಸಾಕೆಟ್ಟಿನ ಪ್ಲಾಸ್ಟಿಕ್ ಸುಡಲು ಶುರುವಾದಾಗ ಥೇಟ್ ಅದೇ ವಾಸನೆ ಬರುತ್ತದಂತೆ. ಒಳಗೆ ವೈರು ಸಡಿಲವಾಗಿತ್ತು, ಅದರ ರಬ್ಬರು ಮುಟ್ಟಿದರೆ ಪುಡಿಯಾಗುತ್ತಿತ್ತು.

ಆ ಕ್ಷಣ ನನಗೆ ಮೊದಲು ಆದದ್ದು ಭಯವಲ್ಲ, ಸಂತೋಷ. ಮನೆ ಉಳಿಯಿತಲ್ಲ ಎಂದಲ್ಲ, ಮೀನು ನಾನು ಮಾಡಿರಲಿಲ್ಲ ಎಂದು ಸಾಬೀತಾಯಿತಲ್ಲ ಎಂದು! "ಇನ್ನೊಂದು ಸಲ ಹೇಳಿ" ಎಂದು ಅವನಿಂದ ಹೇಳಿಸಿ, ಅತ್ತೆಗೆ ಒಂದೊಂದೇ ಮಾತು ಬಿಡಿಸಿ ಕನ್ನಡದಲ್ಲಿ ಹೇಳಿದೆ. ಪ್ರಸನ್ನನ ಮುಖವನ್ನೂ ನೋಡಿದೆ. ಅವನ ಬಾಯಲ್ಲಿ ಗ್ರ್ಯಾಂಡ್ ಬರಲಿಲ್ಲ. ಅತ್ತೆ ಅದಿತಿಯ ಬೆನ್ನು ಸವರುತ್ತಾ ನಿಂತಿದ್ದರು. ಆ ಬೆನ್ನು ಯಾವ ಗೋಡೆಗೆ ಒರಗಿತ್ತೆಂದು ನನಗೆ ಆಗ ಹೊಳೆಯಿತು.

ಮನೆಗೆ ಪೂರ್ತಿ ಹೊಸ ವೈರಿಂಗ್ ಆಯಿತು. ನೆಲದ ಹಲಗೆ ಎದ್ದವು, ಗೋಡೆಗಳಲ್ಲಿ ಗೀರು ಬಿದ್ದವು, ಅನ್ನದಲ್ಲೂ ಧೂಳು. ಅತ್ತೆ ಡೆಕ್ಲನ್‌ನ ಹಿಂದೆಯೇ ತಿರುಗುತ್ತಾ ಅವನು ಮುಚ್ಚಿದ ಸಾಕೆಟ್ಟುಗಳನ್ನೆಲ್ಲ ಬಗ್ಗಿ ಮೂಸುತ್ತಿದ್ದರು. ಕೊನೆಗೆ ಅವನು ಹೊಸ ಬೋರ್ಡು ತೋರಿಸಿ, ತೊಂದರೆಯಾದರೆ ಕರೆಂಟು ತಾನಾಗಿ ಹೇಗೆ ನಿಲ್ಲುತ್ತದೆ ಎಂದು ಗುಂಡಿ ಒತ್ತಿ ತೋರಿಸಿದ. ಅತ್ತೆ ಮೇನ್ ಸ್ವಿಚ್ ಯಾವುದೆಂದು ಎರಡೆರಡು ಸಲ ಕೇಳಿ ತಿಳಿದುಕೊಂಡರು.

ಆ ಸಂಜೆ ಕಾಫಿ ಕುಡಿಯುತ್ತಾ, "ನಿಂಗೆ ತಿನ್ಬೇಕು ಅನ್ಸಿದ್ರೆ ಮೀನು ಮಾಡ್ಕೊಳ್ಳಮ್ಮ. ಆದ್ರೆ ಮಾಡೋ ಮುಂಚೆ ನಂಗೊಂದು ಮಾತು ಹೇಳು" ಎಂದರು.

"ಯಾಕತ್ತೆ, ಹೊರಗೆ ಹೋಗ್ತೀರಾ?"

"ಈ ಚಳೀಲಿ ಹೊರಗೆ ಯಾಕೆ ಹೋಗ್ಲಿ? ಹೇಳದೆ ಮಾಡಿದ್ರೆ ಹೋಗಿ ಮೇನ್ ಸ್ವಿಚ್ ಆರಿಸ್ಬಿಡ್ತೀನಿ, ಅಷ್ಟೇ."

ಅವರು ನಗಲಿಲ್ಲ. ನಾನು ನಕ್ಕೆ, ನಗುತ್ತಾ ಅತ್ತುಬಿಟ್ಟೆ.

ಅವರು ಊರಿಗೆ ಹೋಗುವವರೆಗೆ ನಾನು ಮೀನು ಮಾಡಲಿಲ್ಲ. ಈಗ ಮಾಡುತ್ತೇನೆ. ವೈರೆಲ್ಲ ಹೊಸದು, ಹೆದರಲು ಕಾರಣವಿಲ್ಲ. ಆದರೂ ಬಂಗುಡೆ ಬಾಣಲೆಗೆ ಬಿದ್ದು ವಾಸನೆ ಎದ್ದ ಕೂಡಲೇ ಕೈ ತೊಳೆದು ಮೇಲೆ ಹೋಗಿ, ಮಗಳಿರುವ ರೂಮಿನ ಗೋಡೆಗೆ ಅಂಗೈ ಇಟ್ಟು ನೋಡುತ್ತೇನೆ. ಗೋಡೆ ತಣ್ಣಗಿದ್ದರೆ ಮಾತ್ರ ಕೆಳಗೆ ಬಂದು ಮೀನು ಮಗುಚಿ ಹಾಕುತ್ತೇನೆ.