ಹೊಸ್ತಿಲಪ್ಪನ ಕೊಳ

ಆ ಊರಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಅವನಿದ್ದಾನೆ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ತೆಗೆಸಿಕೊಂಡ ಫೋಟೋ, ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ ತಾತನ ಫೋಟೋ, ಶಾಲೆಯ ಮಕ್ಕಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಸಾಲಾಗಿ ನಿಂತ ಫೋಟೋ. ಎಲ್ಲದರ ಹಿಂದೆಯೂ ಮೃಗಾಲಯದ ಅದೇ ಕೊಳ, ಅದರಲ್ಲಿ ಉದ್ದ ಕಾಲಿನ ಗುಲಾಬಿ ಬಣ್ಣದ ರಾಜಹಂಸಗಳು, ಎಡಗಡೆಯ ಅಂಚಿನಲ್ಲಿ ಪೊರಕೆ ಹಿಡಿದ ಒಬ್ಬ ತೆಳ್ಳನೆಯ ಮನುಷ್ಯ. ಕೆಲವು ಫೋಟೋಗಳಲ್ಲಿ ಅವನು ಅರ್ಧ ಮಾತ್ರ ಬಂದಿದ್ದಾನೆ. ಇನ್ನು ಕೆಲವುಗಳಲ್ಲಿ ಬರೀ ಪೊರಕೆ.

"ಊರವರ ಗೋಡೆಯೆಲ್ಲ ಹತ್ತಿ ಕೂತಿದ್ದೀರಿ. ನಮ್ಮ ಗೋಡೇಲಿ ಮಾತ್ರ ಒಂದು ಮೊಳೆಯೂ ಇಲ್ಲ" ಎಂದು ಅವನ ಹೆಂಡತಿ ಆಗಾಗ ಹಂಗಿಸುತ್ತಿದ್ದಳು. ಅವಳು ಅದೇ ಮೃಗಾಲಯದ ಬಾಗಿಲಿನಲ್ಲಿ ಟಿಕೆಟ್ ಕೊಡುವವಳು. ಟಿಕೆಟ್ ಕೋಣೆಗೆ ಎರಡು ಕಿಟಕಿ. ಮುಂದಿನದು ಜನರಿಗೆ, ಹಿಂದಿನದು ಕೊಳಕ್ಕೆ. ಮುಂದಿನ ಕಿಟಕಿಯಲ್ಲಿ ಅವಳು ದಿನವಿಡೀ ಕೈಗಳನ್ನು ನೋಡುತ್ತಿದ್ದಳು, ಹಿಂದಿನದರಲ್ಲಿ ಗಂಡನನ್ನು. ಅವರ ಮದುವೆಗೆ ಕಾರಣವಾದದ್ದೂ ಹಿಂದಿನ ಕಿಟಕಿಯೇ.

ಮೃಗಾಲಯದವರೆಲ್ಲ ಅವನನ್ನು ಹೊಸ್ತಿಲಪ್ಪ ಎನ್ನುತ್ತಿದ್ದರು. ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಅವನ ಕೊಳ. ಹುಲಿ, ಸಿಂಹ, ಕರಡಿ ಎಲ್ಲ ಆಮೇಲೆ. ಕೆಲಸಕ್ಕೆ ಸೇರಿದ ದಿನ ಆಗಿನ ಹಳೆಯ ಸಾಹೇಬರು ಅವನನ್ನು ಕೊಳದ ಕಟ್ಟೆಯ ಮೇಲೆ ನಿಲ್ಲಿಸಿ ಒಂದು ಮಾತು ಹೇಳಿದ್ದರು: "ನೋಡಪ್ಪ, ಜನ ಬರೋದು ಹುಲಿ ನೋಡೋಕೆ. ಆದ್ರೆ ಮೊದಲು ನೋಡೋದು ಇದನ್ನ. ಇಲ್ಲಿ ಗಲೀಜು ಕಂಡ್ರೆ ಒಳಗಿರೋ ಹುಲೀನೂ ಗಲೀಜಾಗೇ ಕಾಣುತ್ತೆ."

ಆ ಮಾತನ್ನು ಅವನು ಗಂಟು ಕಟ್ಟಿಟ್ಟುಕೊಂಡ. ಹಳೆಯ ಸಾಹೇಬರು ನಿವೃತ್ತರಾದರು, ತೀರಿಯೂ ಹೋದರು, ಗಂಟು ಮಾತ್ರ ಬಿಚ್ಚಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ನೀರಿಗಿಳಿಯುತ್ತಿದ್ದ. ಉದುರಿದ ಗರಿಗಳನ್ನು ಒಂದೂ ಬಿಡದೆ ಆರಿಸುತ್ತಿದ್ದ. ಕೊಳದ ಆಚೆ ದಡದಲ್ಲಿ ಹಕ್ಕಿಗಳು ರಾತ್ರಿಯೆಲ್ಲ ತುಳಿದು, ಕೊಕ್ಕಿನಿಂದ ಕೆದಕಿ ಹಾಳುಮಾಡಿದ ಕೆಸರನ್ನು, ಕೋಲಿನ ತುದಿಗೆ ಹಲಗೆ ಬಡಿದು ತಾನೇ ಮಾಡಿಕೊಂಡಿದ್ದ ಸಾಧನದಿಂದ ಎಳೆದು ಸಮ ಮಾಡುತ್ತಿದ್ದ. ಕೊನೆಗೆ ಕಟ್ಟೆ ಗುಡಿಸುತ್ತಿದ್ದ. ಬಾಗಿಲು ತೆರೆಯುವ ಹೊತ್ತಿಗೆ ದಡ ಆಗತಾನೆ ಸಾರಿಸಿದ ಅಂಗಳದ ಹಾಗೆ ಇರುತ್ತಿತ್ತು.

ಆಮೇಲೆ ಸಂತೆ. ಮಕ್ಕಳು ಅಪ್ಪನ ಕೈ ಬಿಡಿಸಿಕೊಂಡು ಓಡಿ ಬಂದು ಕಂಬಿಗೆ ನೇತುಬೀಳುತ್ತಿದ್ದರು.

"ಅಂಕಲ್, ಅದಕ್ಕೆ ಒಂದೇ ಕಾಲಾ?"

"ಎರಡಿದೆ ಮರಿ. ಇನ್ನೊಂದನ್ನ ಒಗೆಯೋಕೆ ಹಾಕಿದೆ."

"ಗುಲಾಬಿ ಬಣ್ಣ ಯಾರು ಹಚ್ಚಿದ್ದು?"

"ಊಟ. ಒಣ ಸೀಗಡಿ, ಕ್ಯಾರೆಟ್ ಎಲ್ಲ ಸರಿಯಾಗಿ ತಿಂದ್ರೆ ಬಣ್ಣ ಬರುತ್ತೆ. ತಟ್ಟೇಲಿ ಬಿಟ್ರೆ ಬೆಳ್ಳಗಾಗುತ್ತೆ."

ಪಕ್ಕದಲ್ಲಿದ್ದ ತಾಯಿ, "ಕೇಳಿಸ್ತಾ?" ಎಂದು ಮಗನ ತಲೆಗೆ ಮೊಟಕುತ್ತಿದ್ದಳು. ಎರಡು ನಿಮಿಷ ಅಷ್ಟೆ. ಒಳಗೆಲ್ಲೋ ಸಿಂಹ ಗರ್ಜಿಸಿದರೆ ಕೊಳದ ಮುಂದೆ ಒಂದು ನರಪಿಳ್ಳೆಯೂ ಉಳಿಯುತ್ತಿರಲಿಲ್ಲ.

ಅವನ ಗೆಳೆಯ, ಸಿಂಹದ ಮನೆ ನೋಡಿಕೊಳ್ಳುವವನು, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಇದನ್ನೇ ಎತ್ತಿ ಆಡುತ್ತಿದ್ದ. "ನಿನ್ನ ಹಕ್ಕಿಗಳು ಊಟಕ್ಕೆ ಮುಂಚೆ ಇಡೋ ನೀರಿದ್ದ ಹಾಗೆ ಕಣೋ. ಕುಡೀತಾರೆ ನಿಜ, ಆದ್ರೆ ನೀರಿಗೋಸ್ಕರ ಯಾರಾದ್ರೂ ಬರ್ತಾರಾ?"

"ನೀರು ನಾರ್ತಾ ಇದ್ರೆ ಊಟಕ್ಕೂ ಯಾರೂ ಕೂರಲ್ಲ, ತಿನ್ನು" ಎನ್ನುತ್ತಿದ್ದ ಹೊಸ್ತಿಲಪ್ಪ.

ಆ ದಿನಗಳು ಹಾಗೇ ಹೋಗುತ್ತವೆ ಎಂದುಕೊಂಡಿದ್ದ. ಹಕ್ಕಿಗಳಿಗೆ ವಯಸ್ಸಾಗುತ್ತಿರುವುದು ಅವನಿಗೆ ಕಾಣದೆ ಇರಲಿಲ್ಲ. ಒಂದು ಚಳಿಗಾಲದಲ್ಲಿ ಒಂದು ಸತ್ತಿತು, ಮರುವರ್ಷ ಇನ್ನೊಂದು. ಹೊಸದಾಗಿ ಹುಟ್ಟಿದ್ದು ಮಾತ್ರ ಒಂದೂ ಇಲ್ಲ. ಅವನು ಬಂದ ಮೇಲೆ ಆ ಕೊಳದಲ್ಲಿ ಯಾರೂ ಒಂದು ಮೊಟ್ಟೆ ಕಂಡಿರಲಿಲ್ಲ.

ಹೊಸ ಸಾಹೇಬರು ಬಂದವರು ಕೆಟ್ಟವರೇನಲ್ಲ, ಅವಸರದವರು. ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ನಿಂತು ಹೇಳಿದರು: "ಈ ಹಕ್ಕಿಗಳನ್ನ ಬೇರೆ ಊರಿನ ಮೃಗಾಲಯಕ್ಕೆ ಕಳಿಸೋಣ. ಅಲ್ಲಿ ದೊಡ್ಡ ಗುಂಪಿದೆ, ಸೇರ್ಕೊಳ್ತವೆ. ಈ ಗುಂಡಿ ಮುಚ್ಚಿ ಗಾಜಿನ ತೊಟ್ಟಿ ಕಟ್ಟಿಸೋಣ. ಬಾಗಿಲಲ್ಲೇ ಬಣ್ಣಬಣ್ಣದ ಮೀನು! ನಿನಗೆ ಹಿಂದುಗಡೆ ಮೇವಿನ ಕೋಣೇಲಿ ಕೆಲಸ. ಆರಾಮ."

ಇಷ್ಟು ವರ್ಷ ಜನರ ಮುಖ ನೋಡಿಕೊಂಡು ಬದುಕಿದವನಿಗೆ ಹುಲ್ಲಿನ ಹೊರೆ ಲೆಕ್ಕ ಹಾಕುವ ಆರಾಮ. ಮನೆಗೆ ಬಂದು ಊಟಕ್ಕೆ ಕೂತವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಗುಂಡಿ ಅಂದ್ರು ಕಣೇ" ಎಂದ ಹೆಂಡತಿಗೆ.

ದಾರಿ ತೋರಿಸಿದವರು ಮೃಗಾಲಯದ ಡಾಕ್ಟರಮ್ಮ. "ಇಲ್ಲಿ ಮರಿ ಹುಟ್ಟಿದ್ರೆ ಸಾಹೇಬ್ರೂ ಕೈ ಹಾಕಲ್ಲ. ಮರಿ ಮಾಡೋ ಗುಂಪನ್ನ ಯಾರೂ ಎಬ್ಬಿಸಲ್ಲ" ಎಂದರು. ಗುಂಪು ಚಿಕ್ಕದಾದರೆ ಈ ಹಕ್ಕಿಗಳಿಗೆ ಧೈರ್ಯ ಸಾಲದು, ನಾವು ಬಹಳ ಮಂದಿ ಇದ್ದೇವೆ ಅನ್ನಿಸಿದರೆ ಮಾತ್ರ ಗೂಡಿನ ಯೋಚನೆ ಮಾಡುತ್ತವೆ ಎಂದು ವಿವರಿಸಿ, ದಡದ ಹಿಂದಿನ ಗೋಡೆಗೆ ಆಳುದ್ದದ ಕನ್ನಡಿಗಳನ್ನು ಹಾಕಿಸಿದರು. ಒಂದು ಹಕ್ಕಿ ಎರಡಾಯಿತು, ಗುಂಪು ದಂಡಾಯಿತು. ಕತ್ತು ಕೊಂಕಿಸಿ, ತಲೆ ಅತ್ತಿತ್ತ ಆಡಿಸುತ್ತ ಎಲ್ಲವೂ ಕನ್ನಡಿಯ ಮುಂದೆ ಒಟ್ಟಿಗೆ ಹೆಜ್ಜೆ ಹಾಕತೊಡಗಿದವು.

"ಕನ್ನಡಿ ಆಯ್ತು. ಬಾಚಣಿಗೆ, ಪೌಡರ್ ಯಾವಾಗ?" ಎಂದ ಸಿಂಹದವನು.

ಹೊಸ್ತಿಲಪ್ಪನಿಗೆ ನಗು ಬರಲಿಲ್ಲ. ಗರಿ ಆರಿಸಿ, ಕೆಸರು ಎಳೆದು, ಕಟ್ಟೆ ಗುಡಿಸುವುದರ ಜೊತೆಗೆ ಕನ್ನಡಿ ಒರೆಸುವ ಕೆಲಸವೂ ಸೇರಿತು. ದಡ ಮೊದಲಿಗಿಂತ ಇನ್ನೂ ಚೊಕ್ಕಟವಾಯಿತು. ಆದರೆ ದಿನಗಳು ಉರುಳಿದರೂ ಮೊಟ್ಟೆಯಿಲ್ಲ. ಹೀಗೇ ಒಂದು ಬೆಳಿಗ್ಗೆ ಕನ್ನಡಿಯ ಮೇಲಿನ ಮೂಲೆಗೆ ಬಟ್ಟೆ ಎಟುಕಿಸಲು ತುದಿಗಾಲಲ್ಲಿ ನಿಂತವನು ಜಾರಿ ಬಿದ್ದ. ಪಾದ ಉಳುಕಿ ಕುಂಬಳಕಾಯಿಯಾಯಿತು. ಹಾಸಿಗೆ ಬಿಟ್ಟು ಏಳಕೂಡದು ಎಂದರು ವೈದ್ಯರು.

ಅವನ ಜಾಗಕ್ಕೆ ಬೇರೆ ಆಳು ಇರಲಿಲ್ಲ. ಹಕ್ಕಿಗಳಿಗೆ ಊಟ ಹಾಕುವ ಕೆಲಸ ಸಿಂಹದವನ ಪಾಲಿಗೆ ಬಂತು. ಅವನೋ ಕಂಬಿಯ ಈಚೆಯಿಂದಲೇ ಊಟದ ಬಕೆಟ್ಟನ್ನು ಮೇವಿನ ತೊಟ್ಟಿಗೆ ಬಗ್ಗಿಸಿ, "ಹಲ್ಲಿರೋ ಪ್ರಾಣಿಗಾದ್ರೆ ಹೆದರಲ್ಲ, ಆ ಕೆಸರಿಗೆ ಮಾತ್ರ ನಾನು ಇಳಿಯೋನಲ್ಲ" ಎಂದು ಕೈ ಝಾಡಿಸಿಬಿಡುತ್ತಿದ್ದ.

ಹೆಂಡತಿ ಪ್ರತಿ ಸಂಜೆ ಸುದ್ದಿ ತರುತ್ತಿದ್ದಳು. ಮೊದಮೊದಲು ತಮಾಷೆಯಾಗಿ, ಆಮೇಲೆ ಕಳವಳದಿಂದ.

"ಇವತ್ತು ಗರಿ ರಾಶಿ ಬಿದ್ದಿತ್ತು ರೀ. ಒಂದು ದಿಂಬು ತುಂಬಿಸಬಹುದು."

"ಗುಡಿಸೋರು ಯಾರೂ ಇಲ್ವಾ?"

"ಇಲ್ಲ. ಆಚೆ ದಡವಂತೂ ಹಾಳು ಬಿದ್ದಿದೆ. ಕೆಸರನ್ನ ಎಳೆದೆಳೆದು ಗುಡ್ಡೆ ಮಾಡಿಟ್ಟಿವೆ ನಿಮ್ಮ ಮಹಾರಾಣಿಯರು. ಮಡಕೆ ಬೋರಲು ಹಾಕಿದ ಹಾಗೆ. ನೋಡಿದವರು ಏನಂತಾರೋ!"

ಅವನಿಗೆ ತಡೆಯಲಾಗಲಿಲ್ಲ. ಮಾರನೆಯ ದಿನ ಅವಳು ಏಳುವ ಮುಂಚೆ ಕೋಲೂರಿಕೊಂಡು, ಒಂದೇ ಕಾಲಿಗೆ ಬೂಟು ಸಿಕ್ಕಿಸಿ, ಕುಂಟುತ್ತ ಕೊಳಕ್ಕೆ ಬಂದ. ಹೆಂಡತಿ ಹೇಳಿದ್ದು ಕಡಿಮೆಯೇ ಆಗಿತ್ತು. ಕಟ್ಟೆಯ ಮೇಲೆಲ್ಲ ಹಿಕ್ಕೆ, ನೀರಿನ ಮೇಲೆ ಗರಿ, ದಡದ ತುಂಬ ಮಣ್ಣಿನ ಗುಡ್ಡೆಗಳು. ಹಲಗೆಯ ಕೋಲನ್ನು ಎತ್ತಿಕೊಂಡು ಮೊದಲ ಗುಡ್ಡೆಯ ಹತ್ತಿರ ಹೋದ. ಅದರ ಪಕ್ಕದಲ್ಲಿದ್ದ ಮುದಿ ಹಕ್ಕಿ ಎಂದಿನ ಹಾಗೆ ಸರಿದು ದಾರಿ ಬಿಡಲಿಲ್ಲ. ಕತ್ತು ಚಾಚಿ ಹಲಗೆಯನ್ನು ಕುಕ್ಕಿತು. ಮತ್ತೆ ಕುಕ್ಕಿತು. ಆಮೇಲೆ ಅವನಿಗೆ ಬೆನ್ನು ಮಾಡಿ, ಕೊಕ್ಕಿನ ತುಂಬ ಕೆಸರು ತೆಗೆದು ಗುಡ್ಡೆಯ ಮೇಲಿಟ್ಟು, ಮೇಸ್ತ್ರಿ ಕರಣೆಯಿಂದ ತಟ್ಟುವಂತೆ ತಟ್ಟಿ ಕೂರಿಸಿತು. ಗುಡ್ಡೆಯ ನೆತ್ತಿಯಲ್ಲಿ ಬೋಗುಣಿಯಂಥ ತಗ್ಗಿತ್ತು.

ಎತ್ತಿದ ಕೋಲು ಎತ್ತಿದ ಹಾಗೇ ನಿಂತಿತು. ಇಂಥವನ್ನು ಅವನು ಹೊಸದಾಗಿ ನೋಡುತ್ತಿರಲಿಲ್ಲ. ಅಂಗೈ ಎತ್ತರದವು, ಗೇಣುದ್ದದವು, ವರ್ಷ ವರ್ಷವೂ ನೋಡಿದ್ದ. ಬೆಳಗಾಗುತ್ತಲೇ ಒಂದೂ ಉಳಿಯದಂತೆ ಎಳೆದು ಹಾಕಿದ್ದ.

ಡಾಕ್ಟರಮ್ಮ ಬಂದವರು ದಡ ನೋಡಿ ಸಂತೋಷಕ್ಕೆ ಕಿರುಚುವುದೊಂದು ಬಾಕಿ. "ಗೂಡು ಕಟ್ಟಿವೆ! ಕನ್ನಡಿ ಕೆಲಸ ಮಾಡ್ತು! ಅಲ್ಲ, ಇಷ್ಟು ವರ್ಷ ಇಂಥ ಗುಡ್ಡೆ ಒಂದು ಸಲಾನೂ ಕಂಡಿರಲಿಲ್ವಾ?"

"ಕಂಡಿದ್ದೆ ಅಮ್ಮ" ಎಂದ ಹೊಸ್ತಿಲಪ್ಪ. "ದಿನಾ ಬೆಳಿಗ್ಗೆ ನಾನೇ ಕೆಡವ್ತಿದ್ದೆ."

ಅವರು ಅವನ ಕೈಯಲ್ಲಿದ್ದ ಹಲಗೆಯ ಕೋಲನ್ನು ನೋಡಿದರು. ಆಮೇಲೆ, "ನಾನು ಬರೋ ಹೊತ್ತಿಗೆ ಯಾವಾಗಲೂ ದಡ ಸಮವಾಗೇ ಇರ್ತಿತ್ತು. ಒಂದು ದಿನ ಬೇಗ ಬಂದು ನೋಡಬೇಕಿತ್ತು ನಾನೂ" ಎಂದರು. "ಇನ್ನು ಮೇಲೆ ಒಂದು ಗರೀನೂ ಎತ್ತಬೇಡಿ. ಹತ್ತಿರ ಕೂಡ ಹೋಗಬೇಡಿ."

ಗುಡಿಸದೆ ಇರುವುದು ಅಷ್ಟು ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ. ಕಾಲು ತಕ್ಕಮಟ್ಟಿಗೆ ಸರಿಹೋಗಿ ಕೆಲಸಕ್ಕೆ ಬಂದ ಮೇಲೆ ಪೊರಕೆಯನ್ನು ಟಿಕೆಟ್ ಕೋಣೆಯಲ್ಲಿ ಹೆಂಡತಿಯ ಕಾಲ ಬಳಿ ಇಟ್ಟುಬಿಟ್ಟ. ಬಿಸಿಲೇರಿದರೆ ಕೊಳ ನಾರುತ್ತಿತ್ತು. ಒಳಗೆ ಕಾಲಿಟ್ಟವರು ಮೂಗು ಮುಚ್ಚಿಕೊಂಡು ವಾಪಸು ಟಿಕೆಟ್ ಕಿಟಕಿಗೆ ಬಂದು ಜಗಳ ತೆಗೆಯುತ್ತಿದ್ದರು.

"ಏನಮ್ಮ, ಬಾಗಿಲಲ್ಲೇ ಈ ನಾತ! ಗುಡಿಸೋನು ಸತ್ತಿದ್ದಾನಾ?"

"ಬದುಕಿದ್ದಾರೆ. ಅಲ್ಲೇ ನಿಂತಿದ್ದಾರೆ ನೋಡಿ, ನಮ್ಮೆಜಮಾನ್ರು" ಎನ್ನುತ್ತಿದ್ದಳು ಅವಳು. ಕೇಳಿದವರೇ ನಾಚಿಕೊಳ್ಳುತ್ತಿದ್ದರು.

ಒಂದು ದಿನ ಸಾಹೇಬರು ಗಾಜಿನ ತೊಟ್ಟಿ ಕಟ್ಟುವ ಕಂಟ್ರಾಕ್ಟರನ್ನೇ ಕರೆದುಕೊಂಡು ಬಂದರು. ಕಟ್ಟೆ ನೋಡಿ ಮುಖ ಕೆಂಪಾಯಿತು.

"ಏನಯ್ಯ ಇದು? ನಿನ್ನ ಕೈಯಲ್ಲಿ ಹೀಗಾಯ್ತಾ?"

"ನನ್ನ ಕೈ ಇಷ್ಟು ದಿನ ಬಹಳ ಚೆನ್ನಾಗಿತ್ತು ಸಾರ್. ಅದೇ ತಪ್ಪಾಗಿದ್ದು."

"ಒಗಟು ಬೇಡ. ನಾಳೆ ಬೆಳಿಗ್ಗೆ ಹೊತ್ತಿಗೆ ಕ್ಲೀನ್ ಆಗಿರಬೇಕು."

"ಮಾಡಲ್ಲ ಸಾರ್."

ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವನಿಗೇ ಅನುಮಾನವಾಯಿತು. ಹಿಂದಿನ ಕಿಟಕಿಯಲ್ಲಿ ಹೆಂಡತಿಯ ಮುಖ ಕಂಡಿತು, ಮುಂದಿನ ಕಿಟಕಿಯ ಸಾಲು ಕಾಯುತ್ತಿತ್ತು. ಡಾಕ್ಟರಮ್ಮ ಓಡಿ ಬಂದು ವಿಷಯ ಬಿಡಿಸಿ ಹೇಳಿದರು. ಸಾಹೇಬರು ದಡವನ್ನೂ, ಕನ್ನಡಿಯನ್ನೂ, ಕುಂಟುವ ಹೊಸ್ತಿಲಪ್ಪನನ್ನೂ ಒಂದು ಸುತ್ತು ನೋಡಿದರು. "ಸರಿ. ಈ ತಿಂಗಳ ಕೊನೇಲಿ ಹಕ್ಕಿ ಸಾಗಿಸೋ ಗಾಡಿ ಬರುತ್ತೆ. ಅಷ್ಟರಲ್ಲಿ ಮೊಟ್ಟೆ ಕಂಡ್ರೆ ಕೊಳ ಇರುತ್ತೆ. ಇಲ್ದಿದ್ರೆ ಇಲ್ಲ."

ಆ ದಿನಗಳಲ್ಲಿ ಹೊಸ್ತಿಲಪ್ಪ ಕೊಳಕ್ಕೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದ. ತಿರುಗಿದರೆ ಕಾಲು ತಾನಾಗಿ ಅತ್ತ ನಡೆದುಬಿಡುತ್ತದೆ ಎಂಬ ಭಯ. ನೋಡುವ ಕೆಲಸ ಹೆಂಡತಿಗೆ ವಹಿಸಿದ್ದ. ಅವಳು ಟಿಕೆಟ್ ಹರಿದು ಕೊಟ್ಟು ಹಿಂದೆ ತಿರುಗಿ ನೋಡುವುದು, ಮತ್ತೆ ಹರಿಯುವುದು, ಮತ್ತೆ ನೋಡುವುದು. ಗಾಡಿ ಬರಲು ಇನ್ನೇನು ದಿನ ಹತ್ತಿರವಾಯಿತು ಎನ್ನುವಾಗ, ರಜೆಯ ದಿನದ ಉದ್ದನೆಯ ಸಾಲಿನ ನಡುವೆ, ಅರ್ಧ ಹರಿದ ಟಿಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಎದ್ದು ಹೊರಗೆ ಓಡಿದಳು.

"ರೀ! ಆ ಮುದುಕಿ ಎದ್ದು ನಿಂತ್ಕೊಂಡ್ಳು! ಕೆಳಗೆ ಬೆಳ್ಳಗಿದೆ!"

"ಸರಿಯಾಗಿ ನೋಡಿದ್ಯಾ? ಗರಿ ಇರಬಹುದು."

"ಗರಿಗೂ ಮೊಟ್ಟೆಗೂ ವ್ಯತ್ಯಾಸ ಗೊತ್ತಿಲ್ವಾ ನನಗೆ? ಅಡುಗೆ ಮಾಡೋಳು ನಾನಾ ನೀವಾ?"

ಅವನು ಆಗ ತಿರುಗಿ ನೋಡಿದ. ಗುಡ್ಡೆಯ ಮೇಲಿನ ಬೋಗುಣಿಯಲ್ಲಿ, ಕೆಸರು ಮೆತ್ತಿದ ಒಂದೇ ಒಂದು ಮೊಟ್ಟೆ. ಮುದಿ ಹಕ್ಕಿ ಅದನ್ನು ಕೊಕ್ಕಿನಿಂದ ಹೊರಳಿಸಿ, ಉದ್ದ ಕಾಲುಗಳನ್ನು ಮಡಿಸಿ, ಮೆಲ್ಲನೆ ಅದರ ಮೇಲೆ ಕೂತಿತು. ಅವನು ಕಟ್ಟೆಯ ಮೇಲೆ, ಹಿಕ್ಕೆಯನ್ನೂ ಗಮನಿಸದೆ, ಕೂತುಬಿಟ್ಟ.

ಸಾಲಿನ ಮುಂದಿದ್ದ ಅಜ್ಜ, "ಮೊಟ್ಟೆ ಎಲ್ಲೂ ಹೋಗಲ್ಲಮ್ಮ, ನಮಗೆ ಟಿಕೆಟ್ ಕೊಡು" ಎಂದು ಗೊಣಗುತ್ತಿದ್ದ. ಆದರೆ ಆ ದಿನ ಒಳಗೆ ಬಂದವರು ಎರಡು ನಿಮಿಷಕ್ಕೆ ಮುಂದೆ ಹೋಗಲಿಲ್ಲ. ಸಿಂಹ ಎರಡು ಸಲ ಗರ್ಜಿಸಿ, ಯಾರೂ ಬಾರದ್ದನ್ನು ಕಂಡು ಸುಮ್ಮನಾಯಿತು ಎಂದು ಸಿಂಹದವನು ಆಮೇಲೆ ಹೇಳಿಕೊಂಡು ತಿರುಗಿದ.

ಬಾಗಿಲಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ನಿಲ್ಲುತ್ತಿದ್ದ ಫೋಟೋದವನು ಅಂದು ಗಂಡ ಹೆಂಡತಿಯನ್ನು ಹಿಡಿದು ಕೊಳದ ಮುಂದೆ ನಿಲ್ಲಿಸಿದ. "ಇಷ್ಟು ವರ್ಷ ನನ್ನ ಫೋಟೋಗಳಲ್ಲಿ ಸುಮ್ಸುಮ್ನೆ ಬಂದು ನಿಂತಿದ್ದೀಯ. ಇವತ್ತು ಕರೆದು ನಿಲ್ಲಿಸ್ತಿದ್ದೀನಿ, ನೆಟ್ಟಗೆ ನಿಂತ್ಕೋ."

ಮರಿ ಹುಟ್ಟಿದಾಗ ಬೂದಿ ಬಣ್ಣ, ನೆಟ್ಟನೆ ಕೊಕ್ಕು, ದಪ್ಪ ಕಾಲು. "ಇದೇನು, ಕೋಳಿಮರಿಗೆ ಮಳೆ ಹೊಡೆದ ಹಾಗಿದೆ" ಎಂದ ಸಿಂಹದವನು. ಮರುವರ್ಷ ಮೂರು ಗೂಡುಗಳಲ್ಲಿ ಮೊಟ್ಟೆ. ಗಾಡಿ ಬರಲೇ ಇಲ್ಲ.

ಹೊಸ್ತಿಲಪ್ಪ ನಿವೃತ್ತನಾದ ಮೇಲೆ ಇನ್ನೊಂದು ಆಯಿತು. ಜನ ಹೆಚ್ಚಾದರು, ಬಾಗಿಲು ದೊಡ್ಡದು ಮಾಡಬೇಕಾಯಿತು. ಕೊಳ ಮುಟ್ಟುವಂತಿಲ್ಲ, ಅಲ್ಲಿ ಗೂಡುಗಳಿದ್ದವು. ಹಾಗಾಗಿ ಬಾಗಿಲೇ ಎದ್ದು ಮೃಗಾಲಯದ ಇನ್ನೊಂದು ತುದಿಯ ರಸ್ತೆಗೆ ಹೋಯಿತು. ಹಕ್ಕಿಗಳು ಕೂತಲ್ಲೇ ಕೂತವು. ಈಗ ಒಳಗೆ ಬಂದವರು ಮೊದಲು ನೋಡುವುದು ಹೊಸ ಬಾಗಿಲಲ್ಲಿ ಕಟ್ಟಿಸಿದ ಗಾಜಿನ ತೊಟ್ಟಿಯ ಮೀನುಗಳನ್ನು. ಕೊಳಕ್ಕೆ ತಲುಪುವ ಹೊತ್ತಿಗೆ ಮಕ್ಕಳು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿರುತ್ತಾರೆ.

ಗಂಡ ಹೆಂಡತಿ ಇಬ್ಬರೂ ಆಗಾಗ ಹೋಗುತ್ತಾರೆ. ಮೀನು, ಹುಲಿ, ಕರಡಿ, ಸಿಂಹ ಎಲ್ಲವನ್ನೂ ದಾಟಿ, ಮಂಡಿ ನೋವೆಂದು ನಾಲ್ಕು ಕಡೆ ಕೂತು, ಹಳೆಯ ಬಾಗಿಲಿದ್ದ ಮೂಲೆಗೆ ಬರುತ್ತಾರೆ. ಟಿಕೆಟ್ ಕೋಣೆಯಲ್ಲಿ ಈಗ ಬಕೆಟ್, ಪೊರಕೆ ತುಂಬಿದ್ದಾರೆ. ಅವಳು ಮುಂದಿನ ಕಿಟಕಿಯಲ್ಲಿ ಇಣುಕಿ, "ಎರಡು ಟಿಕೆಟ್ ಕೊಡಿ" ಎನ್ನುತ್ತಾಳೆ. ಅವನು ಕಂಬಿಗೆ ಕೈಯೂರಿ ಆಚೆ ದಡದ ಗುಡ್ಡೆಗಳನ್ನು ನೋಡುತ್ತಾನೆ. ಆ ಮೊದಲ ಮರಿ ಯಾವುದೆಂದು ಈಗ ಗೊತ್ತಾಗುವುದಿಲ್ಲ. ಎಲ್ಲವೂ ಗುಲಾಬಿಯೇ.

ಅವರ ಮನೆಯ ಗೋಡೆಯಲ್ಲಿ ಮೊಳೆಯೊಂದಿದೆ, ಅದರಲ್ಲಿ ಆ ಫೋಟೋ. ಕಟ್ಟೆಯ ಮೇಲೆ ಹಿಕ್ಕೆ, ನೀರಿನಲ್ಲಿ ಗರಿ, ಹಿಂದೆ ಎತ್ತರಿಸಿದ ಕೆಸರು. ಅವಳು ಕೈಯಲ್ಲಿ ಅರ್ಧ ಹರಿದ ಟಿಕೆಟ್ ಹಿಡಿದು ನಗುತ್ತಿದ್ದಾಳೆ. ಪೊರಕೆಯಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಎರಡನ್ನೂ ಅಂಗಿಯ ತುದಿಗೆ ಒರೆಸಿಕೊಳ್ಳುತ್ತಿದ್ದಾನೆ.

"ಊರವರ ಫೋಟೋಗಳಲ್ಲೆಲ್ಲ ಕಟ್ಟೆ ಪಳಪಳ ಅನ್ನುತ್ತೆ. ನಮ್ಮದೊಂದರಲ್ಲೇ ಈ ಗಲೀಜು" ಎನ್ನುತ್ತಾಳೆ ಅವಳು, ಗಾಜಿನ ಮೇಲಿನ ದೂಳನ್ನು ಸೆರಗಿನಿಂದ ಒರೆಸುತ್ತ.