ಅಮಾವಾಸ್ಯೆಯಂದು ಬಂದ ಡಾಕ್ಟರು

೧೯೪೧ರಲ್ಲಿ ನಾನು ಓದು ಬಿಟ್ಟೆ. ಮಿಡ್ಲ್ ಸ್ಕೂಲಿನ ಕೊನೆಯ ವರ್ಷ. ಯಾರೂ ಬಿಡಿಸಲಿಲ್ಲ. ಅಣ್ಣ ಒಬ್ಬನೇ ದುಡಿದು ನಾನು ಕೂತು ಉಣ್ಣುವುದು ನನಗೇ ಸರಿ ಕಾಣಲಿಲ್ಲ. ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟ ದಿನದಿಂದ ನನ್ನ ಹೊಟ್ಟೆಗಾಗಿ ಯಾರ ಮುಂದೆಯೂ ಕೈ ಚಾಚಿದವನಲ್ಲ.

ದೊಡ್ಡಬಳ್ಳಾಪುರದಲ್ಲಿ ಒಬ್ಬರೇ ಸಾಹುಕಾರರ ಹತ್ತಿರ ನಮ್ಮಿಬ್ಬರಿಗೂ ಕೆಲಸ. ನಾನು ನೇಯುತ್ತಿದ್ದೆ, ಅಣ್ಣ ಗಂಧಕದ ಕೋಣೆಯಲ್ಲಿದ್ದ. ರೇಷ್ಮೆ ನೂಲು ಬೆಳ್ಳಗಾಗಬೇಕಾದರೆ ಒದ್ದೆ ಲಡಿಗಳನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ನೇತುಹಾಕಿ, ಕೆಳಗೆ ಬಾಣಲೆಯಲ್ಲಿ ಗಂಧಕ ಸುಟ್ಟು, ಬಾಗಿಲ ಸಂದಿಗೆಲ್ಲ ಸಗಣಿ ಮೆತ್ತುತ್ತಿದ್ದರು. ಬೆಳಿಗ್ಗೆ ಒಳಗೆ ನುಗ್ಗಿ ಲಡಿ ಇಳಿಸುವುದು ಅಣ್ಣನ ಕೆಲಸ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದರೂ ಹೊರಗೆ ಬಂದವನು ಗೋಡೆ ಹಿಡಿದು ಕೆಮ್ಮುತ್ತಿದ್ದ. ಒಂದೇ ಉಸಿರಿಗೆ ಮೈಲಿಗಟ್ಟಲೆ ದೂರದ ಮಧುರೆ ಹಳ್ಳಿಗೆ ನಡೆದುಬಿಡುತ್ತಿದ್ದವನು ಬಾವಿಯಿಂದ ಒಂದು ಕೊಡ ಸೇದಲಾರದೆ ಹೋದ. ಅವನಿಗೆ ಬೇಕಿದ್ದದ್ದು ಒಂದು ಮಗ್ಗ, ಕೂತು ಮಾಡುವ ಕೆಲಸ. ಸಾಹುಕಾರರು ಕೊಡಲಿಲ್ಲ. ಯುದ್ಧದ ಕಾಲ, ರೇಷ್ಮೆಯೆಲ್ಲ ಪ್ಯಾರಾಚೂಟಿಗೆ ಹೋಗುತ್ತಿತ್ತು. ಬೇರೆ ಕಡೆ ಕೇಳೋಣವೆಂದರೆ ಊರಲ್ಲಿ ಅದೆಷ್ಟೋ ಮಗ್ಗ ನೂಲಿಲ್ಲದೆ ಖಾಲಿ ಬಿದ್ದಿದ್ದವು.

ಅಂಥ ಹೊತ್ತಿನಲ್ಲಿ ಬೆಂಗಳೂರಿನಿಂದ ಒಬ್ಬ ಡಾಕ್ಟರು ಬರುತ್ತಾರೆಂದು ಸುದ್ದಿಯಾಯಿತು. ಔಷಧಿ ಕೊಡುವವರಲ್ಲ, ಕೆಲಸದ ಜಾಗದ ಹೊಗೆ, ವಿಷ, ಅದರಿಂದ ಬರುವ ರೋಗ, ಇವುಗಳನ್ನು ಪರೀಕ್ಷಿಸಿ ಬರೆಯುವವರು. ಅವರೇ ಹೇಳಿದರೆ ಅಣ್ಣನಿಗೆ ಮಗ್ಗ ಸಿಕ್ಕೀತೆಂದು ಅತ್ತಿಗೆ ಹರಕೆ ಕಟ್ಟಿಕೊಂಡರು.

"ಯಾವತ್ತು ಅನುಕೂಲವೋ ಅವತ್ತೇ ತೋರಿಸ್ಕಳ್ರಪ್ಪಾ," ಎಂದರು ಸಾಹುಕಾರರು. ಓಣಿಯ ಹಿರಿಯರು ತಡಮಾಡದೆ ಅಮಾವಾಸ್ಯೆ ಗೊತ್ತು ಮಾಡಿದರು. ಅಮಾವಾಸ್ಯೆಯಂದು ನಮ್ಮವರು ಮಗ್ಗ ಮುಟ್ಟುವುದಿಲ್ಲ. ಕೂಲಿ ಕೆಡುವುದಿಲ್ಲ, ದೊಡ್ಡವರ ಮುಂದೆ ಸ್ನಾನ ಮಾಡಿ ಶುಭ್ರವಾಗಿ ನಿಲ್ಲಬಹುದು. ಎಲ್ಲರಿಗೂ ಒಪ್ಪಿಗೆಯಾಯಿತು. ಹಿಂದಿನ ದಿನವೇ ಗಂಧಕ ನಿಲ್ಲಿಸಿ, ಕೋಣೆ ಸಾರಿಸಿ, ಹೊಸಿಲಿಗೆ ರಂಗೋಲಿ ಬಿಟ್ಟರು. ಅತ್ತಿಗೆ ಅಣ್ಣನಿಗೆ ಎಣ್ಣೆ ನೀರು ಹಾಕಿ, ಮೆಣಸಿನ ಕಷಾಯ ಕುಡಿಸಿ ಕಳಿಸಿದರು.

ಡಾಕ್ಟರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಒಬ್ಬೊಬ್ಬರ ಎದೆ ಬಡಿದು ನೋಡಿದರು.

"ಏನ್ಲಾ, ನಿನ್ನೆದೆ ಒಳ್ಳೆ ಮದ್ದಲೆ ಥರ ಸದ್ದು ಮಾಡ್ತದೆ!" ಎಂದು ಒಬ್ಬ ನೇಕಾರ ಪಕ್ಕದವನನ್ನು ಕಿಚಾಯಿಸಿದ.

"ನಿಂದು ಖಾಲಿ ಹೆಂಡದ ಗಡಿಗೆ ಕಣೋ, ಸುಮ್ಕಿರು."

ಅಣ್ಣನ ಸರದಿ ಬಂತು. "ಕೆಮ್ಮು ಇದೆಯೇನಪ್ಪಾ?"

"ಹೊಗೆ ಇದ್ರೆ ಬತ್ತದೆ ಸ್ವಾಮಿ."

"ಈಗ?"

"ಈಗ ಹೊಗೆ ಇಲ್ವಲ್ಲ ಸ್ವಾಮಿ."

"ಸರಿ, ಇಲ್ಲ ಅಂತ ಬರ್ಕೋತೀನಿ," ಎಂದು ನಕ್ಕರು. ಕೋಣೆಯೊಳಗೆ ಇಣುಕಿ, ತುಂಬ ಚೊಕ್ಕಟವಾಗಿ ಇಟ್ಟಿದ್ದೀರಿ ಎಂದು ಸಾಹುಕಾರರನ್ನು ಹೊಗಳಿದರು. "ಗಂಧಕ ಹಾಕಿದ್ ಮಾರನೆ ದಿನ ಒಂದ್ಸಲ ಬನ್ನಿ ಸ್ವಾಮಿ," ಎಂದು ನಾನು ಕಾರಿನ ಹಿಂದೆಯೇ ಹೋಗಿ ಹೇಳಿದೆ. ಆಗಲಿ ಎಂದರು. ಬರಲಿಲ್ಲ.

ಮುಂದಿನ ವರ್ಷ ಅಣ್ಣ ಮತ್ತೆ ಮಗ್ಗ ಕೇಳಿದಾಗ ಸಾಹುಕಾರರು ಇಂಗ್ಲಿಷಿನ ಅಚ್ಚಾದ ಹಾಳೆಗಳನ್ನು ಮುಂದೆ ಹಿಡಿದರು. "ನೋಡು, ಈ ಕೆಲಸದಿಂದ ಎದೆಗೇನೂ ಆಗಲ್ಲ ಅಂತ ಡಾಕ್ಟ್ರೇ ಅಚ್ಚು ಹಾಕ್ಸವ್ರೆ. ನಿಂಗಿರೋದು ಮೈಗಳ್ಳತನ ಕಣಯ್ಯ." ಅಣ್ಣ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗಂಧಕದ ಕೋಣೆಗೆ ಹೋದ. ನನಗೆ ಮೈಯೆಲ್ಲ ಉರಿಯಿತು. ಮೊದಲು ಸಿಕ್ಕ ರೈಲು ಹತ್ತಿ ಬೆಂಗಳೂರಿಗೆ ಹೋದೆ.

ಡಾಕ್ಟರು ಗುರುತು ಹಿಡಿದರು. ಕಾಫಿ ತರಿಸಿದರು. ಬೀರುವಿನಲ್ಲಿ ರಟ್ಟು ಕಟ್ಟಿಸಿಟ್ಟಿದ್ದ ತಮ್ಮ ಬರಹಗಳನ್ನು ತೋರಿಸಿದರು: ಚರ್ಮ ಹದಮಾಡುವವರ ಮೇಲೆ, ಗಣಿಯವರ ಮೇಲೆ, ಅಚ್ಚಿನ ಮೊಳೆ ಜೋಡಿಸುವವರ ಮೇಲೆ. "ಎಲ್ಲಕ್ಕೂ ಮೊದಲು ನಿಮ್ಮೂರಿಂದು. ಅದರಿಂದಲೇ ನನಗೆ ಹೆಸರು ಬಂತು."

"ನಮ್ಮಣ್ಣ ಉಸಿರಾಡೋಕಾಗ್ದೆ ಒದ್ದಾಡ್ತವ್ನೆ ಸ್ವಾಮಿ. ಹೊಗೆ ಇರೋವಾಗ ಬಂದು ನೋಡಿ, ಇನ್ನೊಂದ್ಸಲ ಬರೀರಿ. ಇಲ್ಲಾಂದ್ರೆ ಸಾವ್ಕಾರ್ರಿಗೆ ಬಾಯಲ್ಲಾದ್ರೂ ಒಂದ್ಮಾತು ಹೇಳಿ."

ಅವರು ಬರಹಗಳನ್ನು ಮತ್ತೆ ಬೀರುವಿನಲ್ಲಿಟ್ಟರು. "ಅಚ್ಚಾಗಿಹೋಗಿದೆಯಪ್ಪಾ. ನಾನೇ ಬರೆದದ್ದನ್ನ ನಾನೇ ತಪ್ಪು ಅಂದ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ? ದೊಡ್ಡ ಹುದ್ದೆಗೆ ನನ್ನ ಹೆಸರು ಹೋಗಿದೆ ಈಗ. ನೀವೇ ತಾನೇ ಆ ದಿನ ಗೊತ್ತು ಮಾಡಿದ್ದು?"

ಕಾಫಿ ಹಾಗೆಯೇ ಬಿಟ್ಟು ಎದ್ದು ಬಂದೆ. ನಮಸ್ಕಾರ ಮಾಡಲಿಲ್ಲ. ಇವತ್ತಿಗೂ ಅದಕ್ಕೆ ನನಗೆ ಬೇಸರವಿಲ್ಲ.

ಆಷಾಢದಲ್ಲಿ ಅಣ್ಣ ಹೋದ. ಹಿಂದಿನ ವಾರದವರೆಗೂ ಲಡಿ ಇಳಿಸಿದ್ದ. ಡಾಕ್ಟರಿಗೆ ಆ ಹುದ್ದೆ ಸಿಕ್ಕಿತೆಂದು ಸಾಹುಕಾರರೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು. ತಿಥಿ ಮುಗಿಯುತ್ತಲೇ ಅಣ್ಣನ ಬದಲಿಗೆ ಗಂಧಕದ ಕೋಣೆಯ ಕೆಲಸಕ್ಕೆ ನನ್ನನ್ನು ಕರೆದರು. ಅಂದೇ ಅವರ ಕೆಲಸ ಬಿಟ್ಟು, ಅತ್ತಿಗೆ ಮತ್ತು ಮಕ್ಕಳನ್ನು ಕರೆದುಕೊಂಡು ತೂಬಗೆರೆಗೆ ಬಂದೆ.

ಈಗ ನನಗಿರುವುದು ನನ್ನದೇ ನಾಲ್ಕು ಮಗ್ಗ, ಒಂದು ಹೆಂಚಿನ ಮನೆ, ಹೆಂಡತಿ, ಮೂವರು ಮಕ್ಕಳು, ಅಣ್ಣನ ಮಕ್ಕಳಿಬ್ಬರು, ಅತ್ತಿಗೆ.