ಸಂಚಿಯೊಳಗಿನ ಮೂರು ಮಂತ್ರ

ಏಪ್ರಿಲ್ ಬಂತೆಂದರೆ ಸರಸ್ವತಿಪುರಂನ ತಾರಸಿಗಳೆಲ್ಲ ಹಳೆಯ ಪಂಚೆ, ಹಳೆಯ ಸೀರೆ ಹಾಸಿಕೊಂಡು ಸಂಡಿಗೆಗೆ ಜಾಗ ಮಾಡಿಕೊಡುತ್ತಿದ್ದ ದಿನಗಳವು. ಅಕ್ಕಿಹಿಟ್ಟು ಬೇಯುವ ವಾಸನೆ, ಜೀರಿಗೆ, ಹಸಿಮೆಣಸಿನಕಾಯಿ, ಇಂಗು ಎಲ್ಲ ಸೇರಿಕೊಂಡು ಬೆಳಿಗ್ಗೆಯೇ ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು. ಇಟ್ಟ ಸಂಡಿಗೆಯನ್ನು ಕಾಗೆಗಳಿಂದ ಕಾಯುವುದು ರಜೆಯಲ್ಲಿರುವ ಮಕ್ಕಳ ಕೆಲಸ. ಕಾಗೆಗಿಂತ ಕಾಯುವವರೇ ಹೆಚ್ಚು ತಿಂದರು ಎಂದು ಅಮ್ಮ ಬೈಯುತ್ತಿದ್ದದ್ದು ಸುಳ್ಳೇನಲ್ಲ. ಅರ್ಧ ಒಣಗಿದ ಸಂಡಿಗೆಯ ರುಚಿ ಕರಿದದ್ದಕ್ಕೆ ಎಲ್ಲಿ ಬರಬೇಕು?

ನಾನು ಏಳನೇ ಕ್ಲಾಸು ಮುಗಿಸಿದ್ದ ಬೇಸಿಗೆಯಲ್ಲಿ ದೊಡ್ಡಪ್ಪನ ಮಗ ಪ್ರಸನ್ನಣ್ಣ ಇಂಜಿನಿಯರಿಂಗ್ ಹಾಸ್ಟೆಲ್ಲಿನಿಂದ ನಮ್ಮ ಮನೆಗೆ ಬಂದ. ಅವನ ಚೀಲದಲ್ಲಿ ಬಟ್ಟೆಗಿಂತ ಭಾರವಾಗಿದ್ದದ್ದು ಒಂದು ಜೆರಾಕ್ಸ್ ಕಟ್ಟು, ಯಾವುದೋ ಇಂಗ್ಲಿಷ್ ಆಟದ ನಿಯಮಗಳ ಪುಸ್ತಕ. ಆ ಆಟಕ್ಕೆ ಮಣೆಯಿಲ್ಲ, ಕಾಯಿಯಿಲ್ಲ. ಒಬ್ಬ ಕಥೆ ಹೇಳುತ್ತಾನೆ. ಮಿಕ್ಕವರು ಆ ಕಥೆಯೊಳಗೆ ವೀರರೋ ಮಾಂತ್ರಿಕರೋ ಆಗಿ ಸೇರಿಕೊಂಡು, ಮುಂದೇನು ಮಾಡುತ್ತೇವೆ ಎಂದು ಹೇಳಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದಂತೆ. ಅಂಥ ದಾಳವನ್ನು ನಾವೆಲ್ಲಿಂದ ತರುವುದು? ಇಪ್ಪತ್ತು ಹುಣಸೆಬೀಜಗಳ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಪೆನ್ನಿನಲ್ಲಿ ನಂಬರ್ ಬರೆದು ಒಂದು ಚೊಂಬಿಗೆ ಹಾಕಿದೆವು. ಕಣ್ಣುಮುಚ್ಚಿ ಒಂದನ್ನು ತೆಗೆಯಬೇಕು. ದೊಡ್ಡ ನಂಬರ್ ಬಂದರೆ ಗೆದ್ದಂತೆ.

ಆಟದಲ್ಲಿ ಇದ್ದವರು ನಾವು ಮೂವರೇ. ಪ್ರಸನ್ನಣ್ಣ ಕಥೆ ಹೇಳುವವನು. ಎದುರು ಮನೆಯ ಲೋಕೇಶ ನನ್ನ ಕ್ಲಾಸಿನವನೇ. ಅವನು ಯಾವಾಗಲೂ ಕತ್ತಿ ಹಿಡಿದ ವೀರ. ನಾನು ಮಾಂತ್ರಿಕಳು. ಪುಸ್ತಕದಲ್ಲಿದ್ದ ಊರುಗಳ ಹೆಸರು ನಮ್ಮ ಬಾಯಲ್ಲಿ ತಿರುಗುತ್ತಿರಲಿಲ್ಲ ಎಂದು ಪ್ರಸನ್ನಣ್ಣ ಕಥೆಯನ್ನು ಚಾಮುಂಡಿ ಬೆಟ್ಟಕ್ಕೆ ತಂದುಬಿಟ್ಟ. ನಮ್ಮ ತಾರಸಿಯಿಂದ ಬೆಟ್ಟ ಕಾಣುತ್ತಿತ್ತಲ್ಲ. ಅದರ ಬೆನ್ನಿಗೆ ಯಾರಿಗೂ ಗೊತ್ತಿಲ್ಲದ ಗುಹೆಯೊಂದಿದೆ, ಅದರಲ್ಲಿ ಹಿಮದ ಸರ್ಪವೊಂದು ಮಲಗಿದೆ ಎಂದ. ಏಪ್ರಿಲ್ ಬಿಸಿಲಿನಲ್ಲಿ ನೀರಿನ ಟ್ಯಾಂಕಿನ ನೆರಳಿಗೆ ಒತ್ತಿಕೊಂಡು ಕೂತು ನಾವು ಚಳಿಗೆ ನಡುಗಿದೆವು.

ನನಗೆ ಆಟಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಮಂತ್ರ ಆರಿಸುವ ಕೆಲಸ. ಡಿಕ್ಷನರಿ ಇಟ್ಟುಕೊಂಡು ಕನ್ನಡಕ್ಕೆ ತಂದ ಮೂವತ್ತು ಮಂತ್ರಗಳು ನನ್ನ ನೋಟ್‌ಬುಕ್ಕಿನಲ್ಲಿದ್ದವು. ಬೆಂಕಿ ಎಸೆಯುವುದು, ಬೀಗ ತೆರೆಯುವುದು, ನಿದ್ದೆ ಬರಿಸುವುದು, ಪ್ರಾಣಿಗಳ ಜೊತೆ ಮಾತಾಡುವುದು, ಬೀಳುವವರನ್ನು ಗರಿಯಂತೆ ಹಗುರವಾಗಿ ಇಳಿಸುವುದು. ದಿನಕ್ಕೆ ಮೂರನ್ನು ಮಾತ್ರ ಆರಿಸಬೇಕು, ಬೆಳಿಗ್ಗೆಯೇ ಆರಿಸಬೇಕು, ಆಮೇಲೆ ಬದಲಾಯಿಸುವ ಹಾಗಿಲ್ಲ. ಹಲ್ಲುಜ್ಜುವಾಗ, ತಲೆಗೆ ನೀರು ಹಾಕಿಕೊಳ್ಳುವಾಗ, ಉಪ್ಪಿಟ್ಟು ತಿನ್ನುವಾಗ ನನಗೆ ಇದೇ ಧ್ಯಾನ. ಒಂದು ದಿನ ಪ್ರಾಣಿಗಳ ಮಂತ್ರ ಆರಿಸಿಕೊಂಡೆ. ದಾರಿಯುದ್ದಕ್ಕೂ ಒಂದು ಪ್ರಾಣಿಯೂ ಸಿಗಲಿಲ್ಲ. ಕೊನೆಗೆ ಪ್ಯಾರಪೆಟ್ ಮೇಲೆ ಕೂತಿದ್ದ ನಿಜವಾದ ಕಾಗೆಯ ಮೇಲೆ ಪ್ರಯೋಗಿಸಿದೆ. ಕಾಗೆ ಏನು ಹೇಳಿತು ಎಂದು ಕೇಳಿದರೆ, ಸಂಡಿಗೆಗೆ ಉಪ್ಪು ಕಡಿಮೆಯಾಗಿದೆಯಂತೆ ಎಂದ ಪ್ರಸನ್ನಣ್ಣ. ಉಪ್ಪು ಹಾಕಿದ್ದ ಅಜ್ಜಿ ಎರಡು ದಿನ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅಜ್ಜಿ ಆಟದೊಳಗೆ ಬಂದದ್ದು ನನ್ನ ಕಳ್ಳಾಟದಿಂದ. ಬೀಗ ಎದುರಾದರೆ ಬೀಗದ ಮಂತ್ರ ಆರಿಸಿದ್ದೆ ಎನ್ನುತ್ತಿದ್ದೆ, ಕಾವಲುಗಾರ ಎದುರಾದರೆ ನಿದ್ದೆಯ ಮಂತ್ರ ಎನ್ನುತ್ತಿದ್ದೆ. ಪ್ರಸನ್ನಣ್ಣ ನಾಲ್ಕು ದಿನ ನೋಡಿ ಹೊಸ ನಿಯಮ ಮಾಡಿದ. ಬೆಳಿಗ್ಗೆ ಮೂರು ಮಂತ್ರವನ್ನು ಚೀಟಿಯಲ್ಲಿ ಬರೆದು, ಮಡಿಸಿ ಅಜ್ಜಿಯ ಕೈಗೆ ಕೊಡಬೇಕು. ಅಜ್ಜಿ ಅದನ್ನು ಬಿಚ್ಚಿಯೂ ನೋಡದೆ ಎಲೆಅಡಿಕೆ ಸಂಚಿಗೆ ಸೇರಿಸುತ್ತಿದ್ದರು. ನಾನು ಮಂತ್ರ ಹಾಕುತ್ತೇನೆ ಎಂದಾಗ ಕನ್ನಡಕ ಸಿಕ್ಕಿಸಿಕೊಂಡು ಚೀಟಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಕನ್ನಡಕವಿಲ್ಲದೆ ಅವರಿಗೆ ಅಕ್ಕಿಯೊಳಗಿನ ಕಲ್ಲೂ ಕಾಣುತ್ತಿರಲಿಲ್ಲ. ಆದರೆ ನ್ಯಾಯ ಅಂದರೆ ನ್ಯಾಯ. ಚೌಕಾಬಾರದಲ್ಲಿ ಐದು ವರ್ಷದ ಮೊಮ್ಮಗುವಿನ ಕಾಯನ್ನೂ ಮುಲಾಜಿಲ್ಲದೆ ಕಡಿಯುವವರು ಅವರು. ನನ್ನ ಚೀಟಿ ಇಸಿದುಕೊಳ್ಳುವಾಗಲೆಲ್ಲ, "ನಮಗೆಲ್ಲ ನಮಃ ಶಿವಾಯ ಒಂದೇ ಸಾಕಾಯ್ತು, ನಿಂಗೆ ಮೂರೂ ಸಾಲ್ದು ನೋಡು" ಎನ್ನುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಲೋಕೇಶನ ಕಷ್ಟವೇ ಬೇರೆ. ಅವನ ವೀರರು ಬೀಳುತ್ತಿದ್ದರು. ಮೊದಲನೆಯವನು ಬಾವಿಗೆ ಬಿದ್ದು ಸತ್ತ, ಎರಡನೆಯವನು ಕೋಟೆಗೋಡೆಯಿಂದ. ವೀರನೊಬ್ಬ ಸತ್ತರೆ ಅವನ ಹೆಸರು, ಶಕ್ತಿ, ಆಯುಧಗಳನ್ನೆಲ್ಲ ಬರೆದಿಟ್ಟ ಹಾಳೆಯನ್ನು ಹರಿದು ಹಾಕುವುದು ನಿಯಮ. ಮೂರನೆಯವನು ಕತ್ತಿಮಲ್ಲ. ಅವನ ಹಾಳೆಗೆ ಲೋಕೇಶ ಬಣ್ಣದ ಪೆನ್ಸಿಲಿನಲ್ಲಿ ಮೀಸೆ ಸಮೇತ ಚಿತ್ರ ಬರೆದು, ರಟ್ಟು ಅಂಟಿಸಿದ್ದ. ಅವನಪ್ಪ ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಸಿದ್ದರು. ಭಾನುವಾರ ಅವರ ಸಂಸಾರ ಅಲ್ಲಿಗೆ ಹೋಗುವುದಿತ್ತು. ಹೊಸ ಮನೆಯ ಗೋಡೆಗೆ ಕತ್ತಿಮಲ್ಲನನ್ನು ಅಂಟಿಸಬೇಕೆಂಬುದು ಅವನ ಆಸೆ.

ಶುಕ್ರವಾರ ಸಂಜೆ ಅಜ್ಜಿಯ ಎದುರಿಗೇ ನನ್ನನ್ನು ಕೇಳಿದ. "ನಾಳೆ ಒಂದಿನ ಆ ಗರಿ ಮಂತ್ರ ತಗೊಳ್ಳೇ ಸುಮಾ. ಬೆಟ್ಟ ಹತ್ತೋದೈತೆ, ನಾನು ಬೀಳೋದು ಗ್ಯಾರಂಟಿ." ಆಯ್ತು ಕಣೋ, ಎರಡು ಬೆಂಕಿ, ಒಂದು ಗರಿ ತಗೋತೀನಿ ಎಂದೆ.

ಶನಿವಾರ ಬೆಳಿಗ್ಗೆ ಪೆನ್ನು ಹಿಡಿದು ಕೂತಾಗ ಮನಸ್ಸು ತಿರುಗಿತು. ಹಿಮದ ಸರ್ಪಕ್ಕೆ ಮೂರು ಸಲ ಬೆಂಕಿ ಬಿದ್ದರೆ ಅದು ಸತ್ತಂತೆಯೇ. ಕೊಂದವಳು ಯಾರು? ನಾನು, ಒಬ್ಬಳೇ. ಒಂದೇ ಮಂತ್ರವನ್ನು ಮೂರು ಸಲ ಬರೆಯಬಾರದು ಎಂದು ಎಲ್ಲೂ ಇರಲಿಲ್ಲ. ಬೆಂಕಿ, ಬೆಂಕಿ, ಬೆಂಕಿ ಎಂದು ಬರೆದು ಮಡಿಸಿ ಅಜ್ಜಿಗೆ ಕೊಟ್ಟೆ. ಲೋಕೇಶ ಬೀಳುವುದಿಲ್ಲ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ.

ಗುಹೆಗೆ ಇನ್ನು ಹತ್ತೇ ಮೆಟ್ಟಿಲು ಇದ್ದಾಗ ಪ್ರಸನ್ನಣ್ಣ ಚೊಂಬನ್ನು ಲೋಕೇಶನ ಕಡೆ ಸರಿಸಿದ. ಬೀಜ ತೆಗೆದ, ಎರಡು. ಕತ್ತಿಮಲ್ಲ ಹಿಮದ ಮೇಲೆ ಕಾಲು ಜಾರಿ ಕಮರಿಗೆ ಬಿದ್ದ. ಲೋಕೇಶ ಸ್ವಲ್ಪವೂ ಹೆದರಲಿಲ್ಲ. ನನ್ನ ಕಡೆ ತಿರುಗಿ ನಕ್ಕ. ಆ ನಗು ನೋಡಿ ನನಗೆ ಕೂತಲ್ಲೇ ಸಾಯುವಂತಾಯಿತು. ತಲೆ ತಗ್ಗಿಸಿದೆ. ಪ್ರಸನ್ನಣ್ಣ ಚೀಟಿ ಓದುವಂತೆ ಅಜ್ಜಿಗೆ ಹೇಳಿದ.

ಅಜ್ಜಿ ಸಂಚಿಯ ದಾರ ಬಿಚ್ಚಿದರು. ಚೀಟಿಯನ್ನು ಮುಖದ ಹತ್ತಿರ ಹಿಡಿದು, ಆಮೇಲೆ ದೂರ ಹಿಡಿದು, ನಿಧಾನವಾಗಿ ಓದಿದರು. "ಬೆಂಕಿ. ಬೆಂಕಿ. ಗರಿ."

ಓದಿ ಮಡಿಸಿ ಮತ್ತೆ ಸಂಚಿಗೆ ಹಾಕಿಕೊಂಡರು.

ಕತ್ತಿಮಲ್ಲ ಗರಿಯಂತೆ ತೇಲಿ ಕಮರಿಯ ತಳಕ್ಕಿಳಿದ. ಅಲ್ಲಿ ಗುಹೆಯ ಹಿಂಬಾಗಿಲು ಇತ್ತು. ಅದನ್ನು ಪ್ರಸನ್ನಣ್ಣ ಆ ಗಳಿಗೆಯಲ್ಲೇ ಕಟ್ಟಿದನೆಂದು ನನಗೆ ಈಗಲೂ ಅನುಮಾನ. ಮುಂದಿನಿಂದ ನಾನು ಎರಡು ಬೆಂಕಿ ಎಸೆದೆ, ಹಿಂದಿನಿಂದ ಲೋಕೇಶ ಕತ್ತಿ ಬೀಸಿದ. ಚೊಂಬಿನಿಂದ ತೆಗೆದ ಬೀಜ ಇಪ್ಪತ್ತು! ನಾವು ಮೂವರೂ ಕೂಗಾಡಿ ಕುಣಿದಾಡಿದ ಸದ್ದಿಗೆ ಪಕ್ಕದ ಮನೆಯವರು ಹೊರಗೆ ಬಂದರು. ಕುಣಿತ ಮುಗಿಸಿ ತಿರುಗಿ ನೋಡಿದರೆ ಒಂದಿಡೀ ಸೀರೆಯ ಸಂಡಿಗೆಯನ್ನು ಕಾಗೆಗಳು ಮುಗಿಸಿದ್ದವು. ಉಪ್ಪು ಸರಿಯಾಗಿದ್ದಿರಬೇಕು.

ಮಧ್ಯಾಹ್ನ ಎಲ್ಲರೂ ಮಲಗಿದಾಗ ಅಜ್ಜಿಯ ಪಕ್ಕ ಹೋಗಿ ಕೂತು, ನಾನು ಗರಿ ಅಂತ ಬರೆದಿರಲಿಲ್ಲ ಎಂದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದರು. "ಚೀಟಿ ಬಚ್ಚಲೊಲೆಗೆ ಹಾಕ್ಬುಟ್ಟೆ ಪುಟ್ಟಿ. ಇನ್ಮೇಲೆ ಮಾತು ಕೊಟ್ರೆ, ಅದನ್ನೇ ಬರಿ."

ಪ್ರಸನ್ನಣ್ಣ ಹಾಸ್ಟೆಲ್ಲಿಗೆ ಹೋದ, ಲೋಕೇಶ ದಟ್ಟಗಳ್ಳಿಗೆ ಹೋದ. ಮುಂದಿನ ಬೇಸಿಗೆಗೆ ನೋಟ್‌ಬುಕ್ಕು ಎಲ್ಲೋ ಕಳೆದಿತ್ತು. ಕೆಲವು ವರ್ಷಗಳಲ್ಲಿ ಅಜ್ಜಿಯೂ ಇಲ್ಲವಾದರು. ಆ ತಾರಸಿಯ ಮೇಲೆ ಈಗ ಬಾಡಿಗೆಗೆಂದು ಕಟ್ಟಿದ ಇನ್ನೊಂದು ಮನೆಯಿದೆ. ಸಂಡಿಗೆ ಅಂಗಡಿಯಿಂದ ಬರುತ್ತದೆ, ಕಾಯುವ ಕೆಲಸವಿಲ್ಲ.

ಮೊನ್ನೆ ಲೋಕೇಶನ ಮನೆಗೆ ಹೋಗಿದ್ದೆ. ಬೀರುವಿನಿಂದ ಕತ್ತಿಮಲ್ಲನ ಹಾಳೆ ತೆಗೆದು ಮಗಳಿಗೆ ತೋರಿಸುತ್ತ, ಇವನನ್ನು ಉಳಿಸಿದವಳು ಈ ಅತ್ತೆಯೇ ಎಂದ. ಇಷ್ಟು ವರ್ಷಗಳ ಮೇಲೆ ನನಗೆ ತಡೆಯಲಾಗಲಿಲ್ಲ. ನಿಜ ಹೇಳಿಬಿಟ್ಟೆ. ಅವನು ಕಾಫಿ ಲೋಟ ಕೆಳಗಿಟ್ಟು ನಕ್ಕ, ಅದೇ ನಗು.

"ಗೊತ್ತು ಕಣೇ. ಅಜ್ಜಿ ಕನ್ನಡಕ ಅವತ್ತು ಕೆಳಗೆ ಟಿ.ವಿ. ಮೇಲಿತ್ತು. ನೀರು ಕುಡಿಯೋಕೆ ಹೋದಾಗ ನೋಡಿದ್ದೆ."

ನಾನೂ ನಕ್ಕೆ, ನಗುತ್ತಲೇ ಕಣ್ಣು ತುಂಬಿತು. ಅಜ್ಜಿ ಆ ಚೀಟಿಯನ್ನು ಓದಿರಲೇ ಇಲ್ಲ, ಶುಕ್ರವಾರ ನಾನು ಕೊಟ್ಟ ಮಾತನ್ನು ಓದಿದ್ದರು. ಈಗ ನಮ್ಮ ಮನೆಯಲ್ಲಿ ಎಲ್ಲರಿಗೂ ಕನ್ನಡಕವಿದೆ. ಬರೆದದ್ದನ್ನು ಬರೆದ ಹಾಗೆಯೇ ಓದುತ್ತೇವೆ.